ದೂರೇ ಇಲ್ಲದ ಕಚೇರಿ

ಹತ್ತು ತಿಂಗಳಿಂದ ಒಂದೂ ದೂರು ಬಂದಿಲ್ಲವೆಂಬ ಶುಭಸಮಾಚಾರವೇ ದೂರು ವಿಭಾಗದ ಕಂಪ್ಯೂಟರ್ ಆಪರೇಟರನ ಕುತ್ತಿಗೆಗೆ ಬಂತು. ನೀರು ಸರಬರಾಜು ಕಚೇರಿಯ ಸಾಹೇಬರು ಬೆಳಗ್ಗೆಯೇ ಅವನನ್ನು ಕರೆಸಿ, ದೂರೇ ಇಲ್ಲದ ಮೇಲೆ ದೂರಿನ ಪಟ್ಟಿ ತೆಗೆಯುವವನೇಕೆ ಎಂದು ಕೇಳಿದರು. ಹುದ್ದೆ ರದ್ದು ಮಾಡುವ ಪತ್ರ ಮೇಜಿನ ಮೇಲಿತ್ತು. ಸಂಜೆ ಐದಕ್ಕೆ ಸಹಿ.

ಆಪರೇಟರ್ ಓಡಿ ಬಂದು ಕಂಪ್ಯೂಟರಿನ ಮುಂದೆ ಕೂತ. ಲೋಕದಲ್ಲಿ ಏನೇ ಕೆಟ್ಟರೂ ತಪ್ಪು ತನ್ನದೇ ಇರಬೇಕೆಂದು ನಂಬಿದ ಪ್ರಾಣಿ ಅವನು. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಹತ್ತು ತಿಂಗಳ ಹಿಂದೆ ಕಂಪ್ಯೂಟರಿಗೆ ಭಾರೀ ದೊಡ್ಡ ಡಿಸ್ಕ್ ಹಾಕಿಸಿದ್ದರು. ಹೊಸ ದೂರುಗಳೆಲ್ಲ ಅದರ ಆಚೆ ತುದಿಯಲ್ಲಿ ಹೋಗಿ ಕೂತಿದ್ದವು. ಪಟ್ಟಿ ತೆಗೆಯುವ ಪ್ರೋಗ್ರಾಂ ಮಾತ್ರ ಅಜ್ಜನ ಕಾಲದ್ದು. ಡಿಸ್ಕಿನ ಖಾನೆಗಳನ್ನು ತಾನೇ ಎಣಿಸಿ ಓದುತ್ತಿದ್ದ ಅದಕ್ಕೆ ನಾನೂರ ಇಪ್ಪತ್ತೊಂಬತ್ತು ಕೋಟಿಯ ಹತ್ತಿರ ಅಂಕಿಗಳೇ ಮುಗಿಯುತ್ತಿದ್ದವು. ಬೆರಳು ಮುಗಿದ ಕೂಡಲೇ ಮೊಮ್ಮಕ್ಕಳೂ ಮುಗಿದರೆಂದುಕೊಳ್ಳುವ ಮುದುಕಿಯಂತೆ, ಆಚೆಗೇನೂ ಇಲ್ಲವೆಂದು ಅದು ಕೈಚೆಲ್ಲುತ್ತಿತ್ತು.

ಅಂಕಿಗೆ ಜಾಗ ಹೆಚ್ಚಿಸಬೇಕಿತ್ತು, ಅಷ್ಟೇ. ಆದರೆ ಆ ಅಂಕಿ ಪ್ರೋಗ್ರಾಂನೊಳಗೆ ನಲವತ್ತು ಕಡೆ ಅಡಗಿತ್ತು. ಸುದ್ದಿ ತಿಳಿದ ಹೆಡ್ ಕ್ಲರ್ಕ್ ಬಂದು, ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಎಲ್ಲ ಸರಿಹೋಗುತ್ತದೆಂದು ಹೇಳಿ, ಇವನು ಬಾಯಿ ತೆರೆಯುವುದರೊಳಗೆ ಸ್ವಿಚ್ ಒತ್ತಿಯೇಬಿಟ್ಟರು. ಇನ್ನೂ ಸೇವ್ ಮಾಡಿರದ ಬೆಳಗಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದಂತಾಯಿತು.

ಮೂರು ಗಂಟೆಗೆ ಪ್ರೋಗ್ರಾಂ ಮತ್ತೆ ಓಡಿತು. ಪರದೆಯ ಮೇಲೆ ಒಟ್ಟು ದೂರುಗಳ ಸಂಖ್ಯೆ ಮೂಡಿತು: ಮೈನಸ್ ಹದಿನೇಳು.

"ಹಾಗಂದ್ರೇನಯ್ಯಾ?" ಎಂದರು ಹೆಡ್ ಕ್ಲರ್ಕ್.

"ಜನರ ಮೇಲೆ ನಾವೇ ಹದಿನೇಳು ದೂರು ಕೊಡ್ಬೇಕು ಅಂತ," ಎಂದಳು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ. "ಕೊಡೋಣ ಬಿಡಿ, ನನ್ನ ಹತ್ರಾನೇ ಹತ್ತು ಇವೆ."

ಅಂಕಿಯ ಹಳೆಯ ಅಳತೆ ಇನ್ನೂ ಒಂದು ಕಡೆ ಉಳಿದಿತ್ತು. ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಅದೂ ಸಿಕ್ಕಿತು. ಪ್ರಿಂಟರ್ ಕೆಮ್ಮಿತು, ಆಮೇಲೆ ನಿಲ್ಲಲೇ ಇಲ್ಲ. ಒಡೆದ ಪೈಪು, ಒಣಗಿದ ನಲ್ಲಿ, ಕೆಸರು ನೀರು! ಪರರ ಕಷ್ಟ ಓದಿ ಆಪರೇಟರ್ ಹಿಗ್ಗಿದ, ಹಿಗ್ಗಿದ್ದಕ್ಕೆ ನಾಚಿದ, ನಾಚಿಕೊಂಡೇ ಕಾಗದದ ಹೊರೆ ಹೊತ್ತು ಸಾಹೇಬರ ಕೋಣೆಗೆ ಓಡಿದ.

ಸಾಹೇಬರು ಒಂದೊಂದೇ ಹಾಳೆ ತಿರುವಿದರು. ಮೊದಮೊದಲು ಪೈಪಿನ ಮಾತಿತ್ತು. ಬರಬರುತ್ತಾ ಪೈಪು ಹಿಂದೆ ಸರಿದು ಬೇರೇನೋ ಮುಂದೆ ಬಂದಂತಿತ್ತು. ಒಂದನ್ನು ಗಟ್ಟಿಯಾಗಿ ಓದಿದರು:

"'ಇದು ಒಂಬತ್ತನೇ ಅರ್ಜಿ. ನೀರು ಆಮೇಲೆ ಬಿಡಿ. ದೂರು ವಿಭಾಗದಲ್ಲಿ ನಿದ್ದೆ ಮಾಡ್ತಿರೋ ಆ ಆಪರೇಟರನ್ನ ಮೊದಲು ಎಬ್ಬಿಸಿ.'"

ಅದರ ಕೆಳಗಿನದೂ ಹಾಗೆಯೇ, ಅದರ ಕೆಳಗಿನದೂ.

"ಸಾರ್," ಆಪರೇಟರ್ ಕೇಳಿದ, "ಅಂತೂ ದೂರುಗಳಿವೆ ಅಂತಾಯ್ತಲ್ಲ?"

"ಆಯ್ತಪ್ಪ." ಸಾಹೇಬರು ರದ್ದತಿಯ ಪತ್ರವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಈ ಹುದ್ದೆ ತೆಗೆಯೋ ಹಾಗೇ ಇಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಒಂದು ಖಾಲಿ ಹಾಳೆಯನ್ನು ಅವನ ಕಡೆ ಸರಿಸಿದರು.

"ಇದಕ್ಕೆ ಯಾರಾದ್ರೂ ಒಳ್ಳೆಯವರನ್ನ ಹುಡುಕ್ಬೇಕು. ಜಾಹೀರಾತು ನೀನೇ ಬರೆದು ಕೊಟ್ಟು ಹೋಗು."