ನಮ್ಮ ಮಾಮಾರ ಗಾಯನ ಕೋಚಿಂಗ್

ಹುಮನಾಬಾದಿನ ನಮ್ಮ ಮಾಮಾರ ಅಂಗಡಿಯಲ್ಲಿ ಒಂದು ಸ್ಟೀಲ್ ತಂಬಿಗೆ ಕೊಳ್ಳುವುದು ಅಷ್ಟು ಸುಲಭವಲ್ಲ. ಹೆಣ್ಣು ಕೊಡುವವರು ಕೂಡ ಅಷ್ಟು ವಿಚಾರಣೆ ಮಾಡಲಾರರು! ನೀವು ತಂಬಿಗೆ ಆರಿಸಿ ದುಡ್ಡು ತೆಗೆಯುವಷ್ಟರಲ್ಲಿ ಮಾಮಾ ಅದನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಟಣ್ ಎಂದು ಬಾರಿಸಿ, ಹಲ್ಲುನೋವು ಬಂದವರಂತೆ ಮುಖ ಕಿವುಚುತ್ತಾರೆ.

“ಇದು ಬ್ಯಾಡ್ರಿ ಅಕ್ಕಾರ. ಬೇಸುರ ಅದ.”

“ನಾ ಇದ್ರಾಗ ನೀರ ಕುಡಿತೀನ್ರಿ ಅಣ್ಣಾ, ಭಜನಿ ಮಾಡಂಗಿಲ್ಲ!”

“ನೀರ ಕುಡದ್ರೂ ಸುರ ತಪ್ಪಬಾರದ್ರಿ.”

ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಬೇಸುರ ತಂಬಿಗೆಗಳು ಧಾರಾಳವಾಗಿ ಸಿಗುತ್ತವೆ.

ಇಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಗಾಯಕನಾಗುವ ಹುಚ್ಚು ಹಿಡಿಯಿತು. ತಪ್ಪೇನು? ನಾನು ಬಸವಕಲ್ಯಾಣದಲ್ಲಿ ಕುಳಿತು ಕಂಡಕ್ಟರ್, ಕೋಳಿ, ಕುಕ್ಕರ್ ಎಂದು ಸಿಕ್ಕವರ ಮಿಮಿಕ್ರಿಯನ್ನೆಲ್ಲ ಮಾಡುತ್ತೇನೆ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೇ ಅನುಮಾನ! ಮಾಮಾರ ದನಿ ಮಾತ್ರ ಅವರದೇ, ಚೆನ್ನಾಗಿಯೂ ಇದೆ. ಅವರ ದುಃಖ ಬೇರೆ. ಭಜನೆಯಲ್ಲಿ ಹಾಡಿದರೆ ಜನ ಪ್ರಸಾದಕ್ಕೆ ಬರುತ್ತಾರೆ. ಮದುವೆಯಲ್ಲಿ ಹಾಡಿದರೆ ಊಟಕ್ಕೆ ಬರುತ್ತಾರೆ.

“ಒಬ್ಬರರ ನನ್ನ ಹಾಡು ಕೇಳಾಕಂತನ ಬರಬೇಕಲೇ. ಒಬ್ಬರರ!” ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದಾರೆ.

ಮಾಮಿ ಇದ್ದಾರಲ್ಲ, ಎನ್ನುತ್ತೀರಾ? ಮಾಮಾ ಆಲಾಪ ತೆಗೆದರೆ ಮಾಮಿ ಮಿಕ್ಸರ್ ಹಚ್ಚುತ್ತಾರೆ. ಅದೂ ಶೇಂಗಾ ಚಟ್ನಿಯ ಮಿಕ್ಸರ್!

ಹೀಗಿರುವಾಗ ಮಾಮಾರ ಫೋನಿನಲ್ಲಿ ಒಂದು ಜಾಹೀರಾತು ಬಂತು: ಸಂಗೀತ ಲೋಕದಲ್ಲಿ ಮಿಂಚುವುದು ಹೇಗೆಂದು ಮನೆಯಲ್ಲೇ ಕಲಿಸುತ್ತಾರಂತೆ. ಮಾಮಾ ಅಂದೇ ಫೀಸು ಕಟ್ಟಿದರು. ಎಷ್ಟೆಂದು ನನಗೆ ಹೇಳಿದರು, ಮಾಮಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ಆ ಹೊತ್ತಿಗೆ ಮಾಮಿಯ ಕೈಯಲ್ಲಿ ಲಟ್ಟಣಿಗೆ ಇತ್ತು.

ಪರದೆಯ ಮೇಲೆ ಗುರುಗಳು ಪ್ರತ್ಯಕ್ಷರಾದರು. ನನ್ನ ವಯಸ್ಸಿನ ಹುಡುಗ, ಟೋಪಿ ಹಿಂದುಮುಂದು.

“ಸರ್, ಇಂಡಸ್ಟ್ರಿಗೆ ಬರೋಕೆ ಮುಂಚೆ ಒಂದು ಹೇಳಿ. ನಿಮ್ಮ ಯುಎಸ್‌ಪಿ ಏನು?”

“ಅದಾವಲ್ರಿ ಗುರುಗಳ! ಅಂಗಡ್ಯಾಗ ಒಂದು, ಮನ್ಯಾಗ ಒಂದು. ಲೈಟ್ ಹೋದ್ರ ಮೂರು ತಾಸು ನಡೀತಾವ.”

ಗುರುಗಳು ಕೇಳಿದ್ದು ಮಾಮಾರ ವೈಶಿಷ್ಟ್ಯ, ಮಾಮಾರಿಗೆ ಕೇಳಿಸಿದ್ದು ಕರೆಂಟಿನ ಯುಪಿಎಸ್! ಗುರುಗಳು ಬಾಯಿ ತೆರೆದುಕೊಂಡು ಕುಳಿತುಬಿಟ್ಟರು. ನೆಟ್‌ವರ್ಕ್ ಹೋಯಿತೆಂದುಕೊಂಡು ಮಾಮಾ ಫೋನ್ ಎತ್ತಿಕೊಂಡು ಮಾಳಿಗೆ ಹತ್ತಿದರು.

ಮುಂದಿನ ಪಾಠ ‘ಎಂಟ್ರಿ’. “ಹಾಡು ಆಮೇಲೆ ಸರ್. ಸ್ಟೇಜಿಗೆ ಬಂದ ತಕ್ಷಣ ಹಾಡಬಾರದು. ನಿಲ್ಲಬೇಕು. ಒಬ್ಬೊಬ್ಬರ ಕಣ್ಣಲ್ಲೂ ಕಣ್ಣಿಟ್ಟು ನೋಡಬೇಕು.”

ಪಕ್ಕದ ಹುಡಗಿ ಎಂಬ ಊರಿನಲ್ಲಿ ಒಂದು ಮದುವೆ. ಮಾಮಾ ಮೈಕಿನ ಮುಂದೆ ಹೋಗಿ ನಿಂತರು. ನೋಡಿದರು. ಮೊದಲ ಸಾಲಿನ ಮುದುಕರನ್ನು ನೋಡಿದರು, ಎರಡನೆಯ ಸಾಲಿನ ಬೀಗರನ್ನು ನೋಡಿದರು. ಮೂರನೆಯ ಸಾಲಿನ ನಡುವೆ ಇದ್ದಾಗ ಮದುಮಗಳ ಕಾಕಾ ವೇದಿಕೆಗೆ ಬಂದು ಮೆಲ್ಲಗೆ ಕೇಳಿದ: “ಏನ್ ಹುಡುಕ್ಲಾಕತ್ತೀರ್ರಿ? ಚಪ್ಪಲಿ ಹೋದ್ವೇನು?”

ಅಷ್ಟರಲ್ಲಿ ಊಟಕ್ಕೆ ಕರೆದರು. ಮಾಮಾ ಯಾರ ಕಣ್ಣಲ್ಲಿ ಕಣ್ಣಿಡಬೇಕು? ಎದುರಿಗೆ ಕುರ್ಚಿಗಳಷ್ಟೇ ಉಳಿದಿದ್ದವು!

ಕೋರ್ಸಿನ ಕೊನೆಗೆ ಸ್ವಂತ ಹಾಡು ಬಿಡುಗಡೆ ಮಾಡಬೇಕು. “ಸಮಾಜಕ್ಕೆ ಹತ್ತಿರವಾದ ವಿಷಯ ತಗೊಳ್ಳಿ ಸರ್,” ಎಂದರು ಗುರುಗಳು. ಮಾಮಾ ಓಣಿಯ ತುದಿಯ ತಿಪ್ಪೆಯನ್ನು ನೋಡುತ್ತ ಯೋಚಿಸಿದರೆಂದು ಕಾಣುತ್ತದೆ. ಸ್ವಚ್ಛತೆಯ ಮೇಲೆ ಹಾಡು ಕಟ್ಟಿದರು: ‘ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ, ಬರ್ರಿ ತಾಯಿ ಬರ್ರಿ.’ ಬಸವಕಲ್ಯಾಣದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್. ಆರಂಭದ ಕೋಳಿ ಕೂಗು ನನ್ನದು. ದಯವಿಟ್ಟು ಗಮನಿಸಿ.

“ಸೂಪರ್ ಸರ್! ಇಂಡಸ್ಟ್ರಿ ನಡುಗುತ್ತೆ!” ಎಂದು ಗುರುಗಳು ಹರಸಿ ಮಾಯವಾದರು. ಇಂಡಸ್ಟ್ರಿ ಅಲುಗಾಡಲಿಲ್ಲ. ಹಾಡನ್ನು ಕೇಳಿದವನು ನಾನು. ಆಮೇಲೆ ನಮ್ಮವ್ವನ ಫೋನಿನಿಂದ ಕೇಳಿದವನೂ ನಾನೇ. ದುಡ್ಡು ಕೊಟ್ಟು ಕೋಚಿಂಗ್ ತೆಗೆದುಕೊಂಡರೆ ಏಳಿಗೆ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಖಂಡಿತ ಆಗುತ್ತದೆ ಎನ್ನುತ್ತೇನೆ. ಆ ಟೋಪಿ ಹುಡುಗನಿಗೆ ಆಗಿದೆಯಲ್ಲ!

ಒಂದು ದಿನ ಕಸದ ಗಾಡಿ ಓಡಿಸುವಾತ ಅಂಗಡಿಗೆ ಬಂದ. ಮಾಮಾ ತಮ್ಮ ಹಾಡನ್ನೇ ಹಚ್ಚಿಕೊಂಡು ಕುಳಿತಿದ್ದರು.

“ಸೇಠ್ಜಿ, ಇದು ನನ್ನ ಗಾಡಿಗಿ ಹಾಕ್ಲೇನ್ರಿ? ಅದೇ ಹಳೇ ಹಾಡು ಕೇಳಿ ಕೇಳಿ ಎಮ್ಮಿ ಸುದ್ದಾ ಹಾದಿ ಬಿಡವಲ್ವು.”

ಮರುದಿನ ಬೆಳಿಗ್ಗೆ ನಮ್ಮ ಮಾಮಾ ಓಣಿ ಓಣಿಯಲ್ಲಿ ಮೊಳಗಿದರು. ಬಾಗಿಲು ತೆರೆದವು, ಜನ ಓಡೋಡಿ ಬಂದರು! ಸುದ್ದಿ ಕೇಳಿ ನಾನು ಬಿಡುವೆನೇ? ಫೋನ್ ಮಾಡಿದೆ. “ಮಾಮಾ, ನಿಮ್ಮ ಅಭಿಮಾನಿಗಳು ಹೂವಿನ ಬದಲಿ ಮೆಂತ್ಯಾದ ಕಡ್ಡಿ ತರ್ಲಾಕತ್ತಾರಂತಲ್ರಿ!”

ಮಾಮಾ ನಗಲಿಲ್ಲ. “ಕಸಕ್ಕ ಬಂದಾರಲೇ,” ಎಂದರು.

ಮೊನ್ನೆ ನಾನು ಹುಮನಾಬಾದಿನಲ್ಲಿದ್ದೆ. ಬೆಳಿಗ್ಗೆ ಗಾಡಿ ಬಂತು, ಹಾಡಿಲ್ಲ. ಸ್ಪೀಕರ್ ಕೆಟ್ಟಿತ್ತು. ಮಾಮಿ ಕಸದ ಬಕೆಟ್ ತಂದು ಗಾಡಿಗೆ ಸುರಿದು ಒಳಗೆ ಹೋದರು. ಗಾಡಿಯವನು ಮಾತ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. “ಹಾಡಿಲ್ಲಂದ್ರ ಯಾರೂ ಹೊರಗ ಬರವಲ್ರರೀ ಸೇಠ್ಜಿ. ಹಾರ್ನ್ ಹೊಡದ್ರ ಬೈತಾರ.”

ಬನಿಯನ್ ಮೇಲಿದ್ದ ಮಾಮಾ ಹೆಗಲಿಗೊಂದು ಟವೆಲ್ ಹಾಕಿಕೊಂಡು ಗಾಡಿಯ ಮುಂದೆ ನಡೆದೇಬಿಟ್ಟರು. ಎಂಟ್ರಿ ಇಲ್ಲ, ಯಾರ ಕಣ್ಣನ್ನೂ ನೋಡಲಿಲ್ಲ. ಬಾಯಿಬಿಟ್ಟು ಹಾಡಿದರು. ನಾನು ಹಿಂದಿನಿಂದ ಕೋಳಿ ಕೂಗಿದೆ, ಓಣಿಯೆಲ್ಲ ನಕ್ಕಿತು. ಆಮೇಲೆ ನಾನು ಕೂಗುವುದನ್ನು ಬಿಟ್ಟೆ. ಬೆಳಗಿನ ಆ ದನಿ ಅಷ್ಟು ಚೆನ್ನಾಗಿತ್ತು. ಜನ ಬಂದರು, ಕಸ ಸುರಿದರು, ಒಳಗೆ ಹೋದರು. ಓಣಿ ಮುಗಿಯಿತು. ಮಾಮಾ ಕೊನೆಯ ಸಾಲು ಹಾಡಿ, ಟವೆಲಿನಿಂದ ಮುಖ ಒರೆಸಿಕೊಂಡು ತಿರುಗಿದರು.

ಹಿಂದೆ ಮಾಮಿ ನಿಂತಿದ್ದರು. ಓಣಿಯುದ್ದಕ್ಕೂ ನಡೆದು ಬಂದಿದ್ದರು, ಕೈಯಲ್ಲಿ ಬಕೆಟ್.

“ಇನ್ನಾ ಕಸ ಉಳದದೇನು?” ಮಾಮಾ ಕೇಳಿದರು.

“ಹ್ಞೂಂ, ಅದ. ಮುಂದಿನ ಓಣಿಗಿ ನಡೀರಿ. ನೀವು ಹಾಡ್ರಿ,” ಎಂದರು ಮಾಮಿ.

ಗಾಡಿಯವನು “ಕೊಡ್ರಿ ತಾಯಿ” ಎಂದು ಕೈ ಚಾಚಿದ. ಮಾಮಿ ಬಕೆಟ್ಟನ್ನು ಸರಕ್ಕನೆ ಬೆನ್ನ ಹಿಂದೆ ಹಿಡಿದರು. ನಾನು ಮಾಮಿಯ ಹಿಂದೆಯೇ ನಿಂತಿದ್ದೆನಲ್ಲ, ಇಣುಕಿ ನೋಡಿದೆ.

ಬಕೆಟ್ಟಿನಲ್ಲಿ ಏನೂ ಇರಲಿಲ್ಲ.