ದೇಶದೇಶದ ನೋಟು, ನಮ್ಮಪ್ಪನ ಒಲಿ

ಹೆದರಿಕೆ ಎಂಬುದು ನನ್ನ ರಕ್ತದಲ್ಲೇ ಇಲ್ಲ. ಬೆದರಿ ಓಡುವ ಹೋರಿಯ ಕೊಂಬು ಹಿಡಿದು ನಿಲ್ಲಿಸಿದವನು ನಾನು. ಬೇಕಾದರೆ ನಮ್ಮೂರು ಸವಡಿಗೆ ಬಂದು ಯಾರನ್ನಾದರೂ ಕೇಳಿರಿ. ಆದರೆ ಪರದೇಶದ ನೋಟು ಕೂಡಿಸುವ ಹುಚ್ಚು ಹಿಡಿದ ಈ ಎರಡು ವರ್ಷಗಳಲ್ಲಿ ಕಾಲು ಥರಥರ ನಡುಗುವಂಥ ಪ್ರಸಂಗ ಒಂದಿಲ್ಲೊಂದು ತಾನಾಗಿ ಬಂದು ಬಾಗಿಲು ಬಡಿಯುತ್ತಲೇ ಇದೆ. ನಡುಗಿದ್ದು ಕಾಲು, ನಾನಲ್ಲ.

ರೋಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮನೆ ಸವಡಿಯಲ್ಲಿ. ಮನೆಯ ಕಪಾಟಿನಲ್ಲಿ ನನ್ನ ಆಲ್ಬಮ್. ಇಂಥ ಆಲ್ಬಮ್ ಇಡೀ ತಾಲ್ಲೂಕಿನಲ್ಲಿ ನನ್ನದೊಂದೇ. ಇನ್ನೊಬ್ಬರ ಹತ್ತಿರ ಇದ್ದರೆ ಅವರು ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ.

ಕೋಟಿ ಕೋಟಿ

ಅಂಚೆಯಲ್ಲಿ ನನಗೆ ಜಿಂಬಾಬ್ವೆ ದೇಶದ ಒಂದು ನೋಟು ಬಂತು. ಒಂದರ ಮುಂದೆ ಹದಿನಾಲ್ಕು ಸೊನ್ನೆ. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ಇಂಥದ್ದನ್ನು ಮನೆಯಲ್ಲಿ ಮುಚ್ಚಿಡಲು ನಾನೇನು ಹೇಡಿಯೇ? ಊರಿನ ಚಹಾದಂಗಡಿಗೆ ಒಯ್ದು ಎಲ್ಲರ ಮುಂದೆ ಬಿಚ್ಚಿದೆ.

“ಎಷ್ಟರದೋ ಇದು?” ಅಂದರು.

“ಕೋಟಿ ಕೋಟಿ,” ಅಂದೆ.

ಅದು ಹುಟ್ಟಿದ ದೇಶದಲ್ಲೇ ಈಗ ನಡೆಯುವುದಿಲ್ಲ ಎಂಬ ಮಾತೂ ಇತ್ತು. ಚಹಾ ತಣ್ಣಗಾಗುತ್ತದೆಂದು ಅದನ್ನು ಹೇಳಲಿಲ್ಲ.

ಸಂಜೆಯೊಳಗೆ ಸುದ್ದಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿ ನಮ್ಮ ಮನೆಗೇ ವಾಪಸು ಬಂತು. ಅಪ್ಪ ನನ್ನನ್ನು ಒಳಗೆ ಕರೆದ.

“ಲೇ, ಇದು ಪೊಲೀಸ್ ಠಾಣೆ ತನಕಾ ಹೋಗೂದು ಖರೇ. ಈಗ ಹೇಳ್ತೀನಿ ಕೇಳು. ನಮ್ಮ ಬಾಗಲಕ್ಕ ಒಬ್ಬ ಪೊಲೀಸಪ್ಪ ಬಂದು ನಿಂತಾ ಅಂದ್ರ, ನಿನ್ನ ಆ ಪುಸ್ತಕ ಸೀದಾ ಒಲಿಗೆ. ನಾನು ಮಾತಿನ ಮನಷ್ಯಾ.”

ಇದು ಬರಿಯ ಮಾತಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಮಣ್ಣು ಮುಕ್ಕಿದಾಗ ನಮ್ಮ ಟಿ.ವಿ.ಯನ್ನು ಹಗ್ಗ ಕಟ್ಟಿ, ಹಿಂದಕ್ಕೆ ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವಿಗೆ ಇಳಿಸಿದವನು ಈತ. ಅದು ಇನ್ನೂ ಅಲ್ಲೇ ಇದೆ. ಹಾಗಾಗಿ ಅಂದಿನಿಂದ ಖಾಕಿ ಬಣ್ಣದ ಏನು ಕಂಡರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಸಾಲಿ ಹುಡುಗರ ಖಾಕಿ ಚಡ್ಡಿಯನ್ನೂ ಬಿಡಲಿಲ್ಲ.

ಮರುದಿನ ಮುಂಜಾನೆ ಬಾಗಿಲ ಮುಂದೆ ಗಾಡಿ ಸದ್ದಾಯಿತು. ನಾನು ಆಲ್ಬಮ್ ಎದೆಗವಚಿಕೊಂಡು ಕಣಜದ ಹಿಂದೆ ಕೂತೆ. ಇಣುಕಿದರೆ, ಯಾವಗಲ್ ಊರಿನ ಒಬ್ಬ ರೈತ, ಟ್ರ್ಯಾಕ್ಟರು.

“ತಮ್ಮಾ, ನನಗೇನು ಆಸೆ ಇಲ್ಲ. ಅರ್ಧಾ ನೀನ ಇಟ್ಕೊ, ಅರ್ಧಾ ನನಗ ಕೊಡು. ಎರಡ ಎಮ್ಮಿ ಕೊಡ್ತೀನಿ.”

“ಆತ್ರೀ ಕಾಕಾ. ಆದ್ರ ಟ್ರೇಲರ್ ಯಾಕ ಹಚ್ಚಿಕೊಂಡು ಬಂದೀರಿ?”

“ಮತ್ತ ಚಿಲ್ಲರೆ ಹೆಂಗ ಒಯ್ಯೂದೋ ಮಾರಾಯಾ?”

ಸತ್ತ ದೇಶಗಳಿಗೆ ಎಡಿ

ನರಗುಂದದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ನೋಟಿನ ವಿಷಯದಲ್ಲಿ ನನಗಿಂತ ತಿಳಿದವರು ಅಂತಿದ್ದರೆ ಅವರೊಬ್ಬರೇ, ಅದೂ ವಯಸ್ಸಿನಿಂದ. ನನ್ನ ಆಲ್ಬಮ್ ನೋಡಿ ಕನ್ನಡಕ ತೆಗೆದರು.

“ಎಲ್ಲಾ ದೇಶದ್ದೂ ಕೂಡಸ್ತೀನಿ ಅಂತ ಹೊಂಟ್ರ ಇದು ಸಂಗ್ರಹ ಆಗಂಗಿಲ್ಲ, ಸಂತಿ ಆಕೈತಿ. ಒಂದು ವಿಶೇಷ ಆರಿಸ್ಕೊ. ಅದರಾಗ ಆಳಕ್ಕ ಇಳಿ.”

ನಾನು ಅಲ್ಲೇ ಆರಿಸಿದೆ. ಭೂಪಟದಲ್ಲಿ ಈಗ ಇಲ್ಲದ ದೇಶಗಳ ನೋಟು. ಯುಗೊಸ್ಲಾವಿಯ, ಪೂರ್ವ ಜರ್ಮನಿ, ಇಂಥವು. ಮನೆಗೆ ಬಂದು, “ಇನ್ನ ಮ್ಯಾಲೆ ನಾನು ಸತ್ತ ದೇಶಗಳ ಸಂಗ್ರಾಹಕ,” ಎಂದು ಸಾರಿದೆ.

ಆಯಿ, ಅಂದರೆ ಅಪ್ಪನ ತಾಯಿ, ಅಡಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು. “ಸತ್ತ ದೇಶ ಅಂದ್ರ?”

“ಈಗ ಇಲ್ಲಾಯಿ. ಈ ಯುಗೊಸ್ಲಾವಿಯ ಹರದು ತುಂಡ ತುಂಡ ಆತು.”

“ಅಯ್ಯ ನನ ಕಂದಾ! ಹಂಗಂದ್ರ ಕೆಟ್ಟ ಸಾವು! ವರ್ಷಕ್ಕೊಮ್ಮೆ ಎಡಿ ಹಿಡಿಯೋರು ಯಾರಾರ ಅದಾರೇನು?”

“ಗೊತ್ತಿಲ್ಲ.”

“ಗೊತ್ತಿಲ್ಲಂದ್ರ? ಮನಿಗೆ ಕರಕೊಂಡು ಬಂದು ಉಪಾಸ ಇಟ್ಟಿಯೇನು?”

ನಾನು ನಕ್ಕೆ. ಆದರೆ ಆ ದಿನದಿಂದ ಕಪಾಟು ಕಿರ್ರ್ ಎನ್ನತೊಡಗಿತು. ಮೊದಲೂ ಎನ್ನುತ್ತಿತ್ತಂತೆ, ಅವ್ವ ಹೇಳಿದಳು, ನಾನು ಕೇಳಿಸಿಕೊಂಡಿರಲಿಲ್ಲ. ಎರಡು ದಿನ ಆ ಕಡೆ ಹೋಗಲಿಲ್ಲ. ಹೆದರಿ ಅಲ್ಲ, ಆ ಕಡೆ ಕೆಲಸವಿರಲಿಲ್ಲ.

ಹಿರಿಯರಿಗೆ ಎಡಿ ಹಿಡಿಯುವ ಅಮಾವಾಸ್ಯೆ ಬಂತು. ಆಯಿ ನಮ್ಮ ಅಜ್ಜ, ಮುತ್ತಜ್ಜನ ಎಲೆಗಳ ಪಕ್ಕದಲ್ಲಿ ಇನ್ನೆರಡು ಎಲೆ ಹಾಕಿ ಎರಡೂ ನೋಟು ಇಡಿಸಿದಳು. ಪೂರ್ವ ಜರ್ಮನಿಯ ಮುಂದೆ ಕೈ ತಡೆದು, “ಈಂವಾ ಏನ ತಿಂತಿದ್ದಾ?” ಅಂದಳು. “ಬ್ರೆಡ್ ಇರಬೇಕು,” ಅಂದೆ. ಅಂಗಡಿಯಿಂದ ಟೋಸ್ಟ್ ತರಿಸಿದಳು. ಯುಗೊಸ್ಲಾವಿಯಕ್ಕೆ ಕಡಬು.

ಎಡಿಯನ್ನು ಮಾಳಿಗೆ ಮೇಲಿಟ್ಟೆವು. ಕಾಗೆ ಬಂತು. ಅಜ್ಜನದು ತಿಂದಿತು, ಮುತ್ತಜ್ಜನದು ತಿಂದಿತು, ಟೋಸ್ಟನ್ನೂ ಕಚ್ಚಿಕೊಂಡಿತು. ಯುಗೊಸ್ಲಾವಿಯದ ಕಡಬನ್ನು ಮಾತ್ರ ಮೂಸಿ ನೋಡಿ ಹಿಂದೆ ಸರಿಯಿತು. ಒಂದು ತಾಸು ಕಾದೆವು. ಮುಟ್ಟಲಿಲ್ಲ.

“ಯಾಕಾಯಿ, ಸಿಟ್ಟಾಗ್ಯಾರೇನು?”

ಆಯಿ ನಿಟ್ಟುಸಿರು ಬಿಟ್ಟಳು. “ತುಂಡ ತುಂಡ ಆಗ್ಯಾರ ಅಂದೆಲ್ಲಾ. ಯಾರು ಮೊದಲ ಉಣಬೇಕಂತ ಇನ್ನೂ ಜಗಳಾ ಹರಿದಿಲ್ಲ ಅವರದು.”

ಮಾವನ ಗ್ಯಾರಂಟಿ

ಸತ್ತವರ ಸಹವಾಸ ಬಿಟ್ಟೆ. ಹೊಸ ವಿಶೇಷ ಆರಿಸಿದೆ: ನೇಯುವವರ ಚಿತ್ರವಿರುವ ನೋಟು. ನಮ್ಮ ಸೋದರಮಾವ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುತ್ತಾನೆ. ಅವನಿಗೆ ತೋರಿಸಲೆಂದು, ಮಗ್ಗದ ಮುಂದೆ ಹೆಂಗಸು ಕೂತಿರುವ ಇಂಡೋನೇಷ್ಯಾದ ಹಳೆಯ ನೋಟನ್ನು ಒಯ್ದೆ. ಮಾವನ ಮಗಳೂ ಮನೆಯಲ್ಲಿರುತ್ತಾಳೆ. ಅದು ಬೇರೆ ಮಾತು.

ಮಾವ ನೋಟನ್ನು ಬೆಳಕಿಗೆ ಹಿಡಿದ. “ಕುಂತ ಕುಂದ್ರಕಿ ಚಲೋ ಐತಿ. ಆದ್ರ ಅಳಿಯಾ, ಇಷ್ಟು ಮಡಿಕಿ ಬಿದ್ದೈತಲ್ಲೋ. ಹಿಂಗ ತಗೊಂಡು ಅಡ್ಡಾಡ್ತಿಯೇನು? ನೇಕಾರರ ಮರ್ಯಾದಿ ಪ್ರಶ್ನೆ ಇದು.”

ನೋಟು ಮಾವನ ಕೈಯಲ್ಲೇ ಉಳಿಯಿತು, ನಾನು ಊಟಕ್ಕೆ ಕೂತೆ. ನೋಟು ಕೂಡಿಸುವವರಿಗೆ ಗೊತ್ತು: ಮಡಿಕೆ ಇದ್ದರೆ ಇರಲಿ, ಹರಿದಿದ್ದರೂ ಇರಲಿ, ತೊಳೆದ ನೋಟಿಗೆ ಮಾತ್ರ ಮೂರು ಕಾಸಿನ ಕಿಮ್ಮತ್ತಿಲ್ಲ. ಎರಡನೇ ರೊಟ್ಟಿಗೆ ಕೈ ಹಾಕುವಾಗ ಹಿತ್ತಲ ಕಡೆ ನೋಡಿದೆ. ಅತ್ತಿ ನನ್ನ ನೋಟನ್ನು ಗಂಜಿಯ ಬೋಗುಣಿಯಲ್ಲಿ ಅದ್ದಿ, ಹಿಂಡಿ, ನೂಲಿನ ಲಡಿಗಳ ನಡುವೆ ಹಗ್ಗದ ಮೇಲೆ ಒಣಹಾಕುತ್ತಿದ್ದಳು.

ಕೂಗಬೇಕೆಂದೆ. ಆದರೆ ಮಾವನ ಮುಂದೆ ದನಿ ಏರಿಸಿದರೆ ಮುಂದಿನ ಮಾತುಕತೆಗಳೆಲ್ಲ ಕೆಡುತ್ತವೆ. ಕಣ್ಣಲ್ಲಿ ನೀರು ಬಂತು.

“ಖಾರ ಹೆಚ್ಚಾತೇನೋ?” ಅಂದಳು ಒಳಗೆ ಬಂದ ಅತ್ತಿ.

“ಇಲ್ರೀ ಅತ್ತಿ, ಭಾಳ ಚಲೋ ಆಗೇತಿ.”

ಒಣಗಿದ ನೋಟನ್ನು ಇಸ್ತ್ರಿ ಹೊಡೆದು ಮಾವ ಕೈಗಿಟ್ಟ. ಹಪ್ಪಳದಂತೆ ಸೆಟೆದು ನಿಂತಿತ್ತು. ಬಾರಿಸಿದರೆ ಟಣ್ ಎನ್ನುತ್ತಿತ್ತು. ಬೆನ್ನು ಚಪ್ಪರಿಸಿ ಮಾವ ಅಂದ, “ಹತ್ತು ವರ್ಷ ಬಣ್ಣಾ ಬಿಡಂಗಿಲ್ಲ, ನನ್ನ ಗ್ಯಾರಂಟಿ. ಉಳಿದ ಅರವತ್ತೂ ತಗೊಂಡು ಬಾ, ಒಮ್ಮೆಲೆ ಅದ್ದಿ ಕೊಡ್ತೀವಿ!”

ಕನ್ನಡಕದ ಅಜ್ಜ ಎಲ್ಲಿ?

ಮೂರನೆಯ ವಿಶೇಷ: ರೂಪಾಯಿ ಎಂದೇ ಕರೆಯುವ ಪರದೇಶದ ನೋಟುಗಳು. ನೇಪಾಳದ ನೂರು ಬಂತು. ಬಂದ ಸುದ್ದಿಯನ್ನು ಮಾಸ್ತರರಿಗೆ ಹೇಳಲು ನರಗುಂದದ ಬಸ್ಸು ಹತ್ತಿದೆ. ಮೊಬೈಲ್ ರಿಪೇರಿ ಮಾಡುವವನ ಸ್ವಂತ ಮೊಬೈಲ್ ಕೆಟ್ಟು ಅಂಗಡಿಯಲ್ಲೇ ಬಿದ್ದಿತ್ತು. ಕಿಸೆಯಲ್ಲಿದ್ದದ್ದು ಒಂದೇ ನೋಟು. ಅವಸರದಲ್ಲಿ ನಮ್ಮ ದೇಶದ ನೂರನ್ನು ಮನೆಯಲ್ಲಿ ಆಲ್ಬಮ್ಮಿನ ಪ್ಲಾಸ್ಟಿಕ್ಕಿನೊಳಗೆ ಜೋಪಾನವಾಗಿಟ್ಟು, ನೇಪಾಳದ ನೂರನ್ನು ಕಿಸೆಗೆ ಹಾಕಿಕೊಂಡು ಬಂದಿದ್ದೆ. ಕಂಡಕ್ಟರ್ ಹೇಳಿದ ಮೇಲೇ ನನಗೆ ಗೊತ್ತಾದದ್ದು.

“ಏನೋ ಇದು? ಕನ್ನಡಕದ ಅಜ್ಜ ಎಲ್ಲಿ?”

“ಅಜ್ಜ ಇಲ್ರೀ… ಹಿಂದ ಘೇಂಡಾಮೃಗ ಐತಿ.”

“ಖೊಟ್ಟಿ ನೋಟು!” ಎಂದು ಕಂಡಕ್ಟರ್ ಒದರಿದ. ಬಸ್ಸೇ ಎದ್ದು ನಿಂತಿತು. ನೋಟು ಕೈಯಿಂದ ಕೈಗೆ ಹೋಯಿತು. ಒಬ್ಬ ತಿಕ್ಕಿ ನೋಡಿದ, ಒಬ್ಬ ಮೂಸಿದ, ಇನ್ನೊಬ್ಬ ಹೆಬ್ಬೆರಳಿಗೆ ಉಗುಳು ಹಚ್ಚಿದ. ಕೊನೆಗೆ ಡ್ರೈವರ್ ಹೇಳಿದ, “ಗಾಡಿ ಸೀದಾ ಪೊಲೀಸ್ ಠಾಣೆಗೆ ಹೊಡೀಲೇನು?”

ಠಾಣೆ ಎಂದದ್ದೇ ನನಗೆ ಒಲಿಯ ಬೆಂಕಿಯ ಕಾವು ಮುಖಕ್ಕೆ ಹೊಡೆಯಿತು. “ಬ್ಯಾಡ್ರೀ ಅಣ್ಣಾರ, ಇಳಿದು ನಡಕೋತ ಹೊಕ್ಕೀನಿ,” ಅಂದೆ. ನರಗುಂದ ಇನ್ನೂ ಬಹಳ ದೂರವಿತ್ತು.

ಪಕ್ಕದಲ್ಲಿ ಅಬ್ಬಿಗೇರಿಯ ಒಬ್ಬ ಮುದುಕಿ ಕೂತಿದ್ದಳು. ತನ್ನ ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿಗೆ ಹಿಡಿದಳು. “ಪಾಪ, ಹುಡುಗ ನಡಗಾಕತ್ತೈತಿ. ನನ್ನ ಪುಕ್ಕಟೆ ಟಿಕೆಟ್‌ನ್ಯಾಗ ಈ ಕೂಸನ್ನೂ ಕೂಡಿಸಪಾ.”

ಕಂಡಕ್ಟರ್ ತಲೆಗೆ ಕೈ ಹಚ್ಚಿಕೊಂಡ. “ಯವ್ವಾ, ಮೀಸಿ ಇದ್ದ ಕೂಸಿಗೆ ಪುಕ್ಕಟೆ ಇಲ್ಲ. ಅದೂ ಹೋಗ್ಲಿ, ಇವಂಗ ಯಾವ ದೇಶದ ಆಧಾರ್ ಕೇಳ್ಲಿ?”

ಕಡೆಗೆ ಎಲೆಯಡಿಕೆ ಸಂಚಿ ಬಿಚ್ಚಿ ನನ್ನ ಟಿಕೆಟ್ ತೆಗೆಸಿದವಳು ಆ ಮುದುಕಿಯೇ. ಇಳಿಯುವಾಗ ಮೀಸೆ ತಿರುವಿ ನಮಸ್ಕಾರ ಮಾಡಿದೆ.

ಪದ್ಧತಿ ಪ್ರಕಾರ

ಕಳೆದ ಶ್ರಾವಣದ ಒಂದು ರವಿವಾರ ಮುಂಜಾನೆ, ಯಾವುದಕ್ಕೆ ಅಂಜುತ್ತಿದ್ದೆನೋ ಅದೇ ಬಂತು. ಬಾಗಿಲ ಮುಂದೆ ಮೋಟಾರ್ ಸೈಕಲ್ಲು, ಮೇಲೆ ನಿಜವಾದ ಖಾಕಿ, ನಿಜವಾದ ಪೊಲೀಸಪ್ಪ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪೊಲೀಸಪ್ಪ ಇನ್ನೂ ಕಾಲು ಕೆಳಗಿಟ್ಟಿರಲಿಲ್ಲ, ಅಪ್ಪ ಎದ್ದು ಕೈಮುಗಿದು ಒದರಿದ:

“ನಮ್ಮ ಮನ್ಯಾಗ ಯಾವ ದೇಶದ ನೋಟೂ ಇಲ್ರಿ ಸಾಹೇಬ್ರ!”

“ಇಲ್ಲಾ?” ಪೊಲೀಸಪ್ಪನ ಮುಖ ಇಳಿಯಿತು. “ಅದಾವು ಅಂತ ಕೇಳಿ ಅಷ್ಟು ದೂರದಿಂದ ಬಂದೆನಲ್ರೀ. ನಾಳೆ ಮಗಳ ಸಾಲ್ಯಾಗ ವಸ್ತು ಪ್ರದರ್ಶನ. ಒಂದು ದಿನದ ಮಟ್ಟಿಗೆ ಕೊಟ್ಟಿದ್ರ…”

ನಾನು ಬಾಗಿಲ ಸಂದಿಯಿಂದ ಹೊರಗೆ ಬಂದೆ. ಆಲ್ಬಮ್ ಕೊಟ್ಟೆ. ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಅಂದರೆ, ನನಗೆ ಇತ್ತು. ಮಗಳ ಸಾಲಿ ಎಂದರಲ್ಲ, ಅದಕ್ಕೇ ಸುಮ್ಮನಾದೆ.

ಆದರೆ ಪೊಲೀಸಪ್ಪ ಬಹಳ ನಿಯತ್ತಿನ ಮನುಷ್ಯ. “ಹಂಗ ಒಯ್ಯಂಗಿಲ್ಲ ತಮ್ಮಾ. ಒಂದು ನೋಟು ಹೆಚ್ಚುಕಡಿಮಿ ಆದ್ರ ಮಾತು ನನ್ನ ಮ್ಯಾಲ ಬರತೈತಿ. ಎಲ್ಲಾ ಪದ್ಧತಿ ಪ್ರಕಾರ ಆಗಲಿ. ಸಾಕ್ಷಿಗೆ ಇಬ್ಬರು ಪಂಚರನ್ನ ಕರೀರಿ.”

ಬಲಮನೆಯವರು ಒಬ್ಬರು, ಎಡಮನೆಯವರು ಒಬ್ಬರು. ಕರೆಯುವುದೇನು ಬಂತು, ಇಬ್ಬರೂ ಗೋಡೆ ಮೇಲೇ ಇದ್ದರು. ಕಟ್ಟೆಯ ಮೇಲೆ ಹಾಳೆ ಹಾಸಿ ಪಂಚನಾಮೆ ಸುರುವಾಯಿತು. “ಒಂದನೇ ನೋಟು. ಬಣ್ಣ ನೀಲಿ. ಮೇಲೆ ಒಬ್ಬ ಮೀಸೆ ಇಲ್ಲದ ವ್ಯಕ್ತಿ. ಎರಡನೇ ನೋಟು. ಬಣ್ಣ ಕೆಂಪು. ಮೇಲೆ ಒಂದು ಆಮೆ.” ಹಿಂಗೆ ಅರವತ್ತೆರಡು. ಅಷ್ಟರೊಳಗೆ ಅರ್ಧ ಸವಡಿ ನಮ್ಮ ಮುಂದೆ ನೆರೆದಿತ್ತು. ಪಂಚರಲ್ಲಿ ಒಬ್ಬರು ಸಹಿ ಮಾಡಿದರು, ಒಬ್ಬರು ಹೆಬ್ಬೆಟ್ಟು ಒತ್ತಿದರು. ಪೊಲೀಸಪ್ಪ ಆಲ್ಬಮ್ಮನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಕಟ್ಟಿಕೊಂಡು ಹೋದ.

ಅವನು ಊರು ದಾಟುವ ಮೊದಲೇ ಗಜೇಂದ್ರಗಡದಿಂದ ಅತ್ತಿಯ ಫೋನು, ಅಳುತ್ತ: “ಜಾಮೀನು ಸಿಕ್ಕಿತೇನೋ?”

ಅಪ್ಪ ಮಾತಿನ ಮನುಷ್ಯನಲ್ಲವೇ, ಕಡ್ಡಿಪೆಟ್ಟಿಗೆ ಹಿಡಿದು ಒಲಿಯ ಮುಂದೆ ಕೂತಿದ್ದ. “ಬರಲಿ ಅದು. ನಾಳೆ ಬಂದ ಕೂಡ್ಲೆ ಒಳಗ.”

ಆಲ್ಬಮ್ ಬರದಿದ್ದರೆ ಎಂಬ ಭಯ ಒಂದು ಕಡೆ, ಬಂದರೆ ಎಂಬ ಭಯ ಇನ್ನೊಂದು ಕಡೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಸೊಳ್ಳೆ ಬಹಳ ಇದ್ದವು.

ಮರುದಿನ ಸಂಜೆ ಪೊಲೀಸಪ್ಪ ಬಂದ. ಮಗಳಿಗೆ ಮೊದಲನೇ ಬಹುಮಾನ. ಮತ್ತೆ ಇಬ್ಬರು ಪಂಚರು, ಮತ್ತೆ ಅರವತ್ತೆರಡು ಎಣಿಕೆ, ಮತ್ತೆ ಹೆಬ್ಬೆಟ್ಟು. ಅಪ್ಪ ಪಕ್ಕದಲ್ಲೇ ನಿಂತು ಕಡ್ಡಿಪೆಟ್ಟಿಗೆ ತಿರುವುತ್ತಿದ್ದ. ಪೊಲೀಸಪ್ಪ ಪಟ್ಟಿಯನ್ನು ಮಡಿಚಿ ತನ್ನ ಕಿಸೆಗೇ ಇಟ್ಟುಕೊಂಡ.

“ಇದು ನನ್ನ ಕಡೇನ ಇರಲಿ. ಬರೂ ವರ್ಷ ಸಣ್ಣ ಮಗಳ ಪಾಳಿ. ಆಗ ಬಂದು ಎಣಿಸಿ ತಗೊಂಡು ಹೊಕ್ಕೀನಿ. ಒಂದು ನೋಟು ಆಚೀಚೆ ಆಗಬಾರದು. ಜವಾಬ್ದಾರಿ ನಿಮ್ಮದು, ಏನ್ರೀ ಯಜಮಾನ್ರ?”

ಅಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ಕೆಳಗೆ ಬಿತ್ತು. “ಆಗಂಗಿಲ್ರೀ ಸಾಹೇಬ್ರ. ನಾನು ಮಾತಿನ ಮನಷ್ಯಾ ರೀ.”

ಅಂದಿನಿಂದ ಆಲ್ಬಮ್ ಅಪ್ಪನ ಟ್ರಂಕಿನಲ್ಲಿದೆ. ಚಾವಿ ಅವನ ಉಡಿದಾರದಲ್ಲಿ. ದಿನಾ ಮುಂಜಾನೆ ಮುಖ ತೊಳೆದು ಅರವತ್ತೆರಡನ್ನೂ ಎಣಿಸಿಯೇ ಚಹಾ ಕುಡಿಯುತ್ತಾನೆ. ಮೊನ್ನೆ ಹೊಸದೊಂದು ನೋಟು ತಂದು ಸೇರಿಸಹೋದೆ. ಟ್ರಂಕಿನ ಮೇಲೆ ಅಡ್ಡ ಬಿದ್ದ. “ಪಟ್ಟಿಯಾಗ ಇಲ್ಲದ್ದು ಒಳಗ ಬಂದ್ರ, ಇದೆಲ್ಲಿಂದ ಬಂತು ಅಂತ ಕೇಳಂಗಿಲ್ಲೇನು? ಮನಿ ಮಂದಿನ್ನೆಲ್ಲ ಒಳಗ ಹಾಕಸಬೇಕಂತಿಯೇನು?”

ಮಾಸ್ತರರು ಕೇಳಿದರು, “ಕಡೀಕ ಯಾವ ವಿಶೇಷ ಆರಿಸ್ಕೊಂಡ್ಯೋ?”

ನಾನು ಎದೆ ಸೆಟೆಸಿ ಹೇಳಿದೆ, “ಪಂಚನಾಮಿ ಆದ ನೋಟ್ರೀ ಸರ್. ಜಗತ್ತಿನಾಗ ನನ್ನ ಬಿಟ್ರ ಯಾರ ಕಡೆ ಅದಾವು?”