ನೀಲಪ್ಪನ ಹೊಲಕ್ಕೆ ಬಂದ ಅಮೆರಿಕದ ಕರಡಿ

ಮಂಗಗಳನ್ನು ಓಡಿಸಲು ಯಾವ ದೇಶದ ಕರಡಿ ಯೋಗ್ಯ ಎಂಬ ಮಹತ್ವದ ಪ್ರಶ್ನೆಗೆ ಕಪ್ಪತಗುಡ್ಡದ ಸೀಮೆಯಲ್ಲಿ ಈವರೆಗೆ ಯಾರೂ ತಕ್ಕ ಗಮನ ಕೊಟ್ಟಿರಲಿಲ್ಲ. ಆ ಕೊರತೆಯನ್ನು ನೀಗಿಸಿದವನು ನೀಲಪ್ಪ.

ಗುಡ್ಡದ ಮಗ್ಗುಲಲ್ಲಿರುವ ಅವನ ಹೊಲದಲ್ಲಿ, ಬಾವಿಯ ಪಕ್ಕ, ಒಂದಿಷ್ಟು ಸಾಲು ಗೋವಿನಜೋಳ ಹಾಲುಗಾಳಾಗಿ ನಿಂತಿತ್ತು. ಬಾಳೆಹೊಸೂರಿನ ತವರಿಗೆ ಒಂದು ಚೀಲ ತೆನೆ ಒಯ್ಯುವೆನೆಂದು ಹೆಂಡತಿ ಅಮೃತವ್ವ ವರ್ಷವರ್ಷ ಹೇಳುವುದು, ಮಂಗಗಳು ಅದಕ್ಕೂ ಮೊದಲೇ ಮುಗಿಸಿಬಿಡುವುದು ನಡೆದೇ ಇತ್ತು.

"ನಾಳೆ ಮುಂಜಾನಿ ಬಸ್ಸಿಗೆ ಹೊಂಟೀನಿ. ಈಗ ಮುರದ್ರ ತೆನಿ ಬಾಡತಾವ, ಸಂಜಿಗೆ ಚೀಲಾ ತರತೀನಿ. ಅಲ್ಲೀತನಕಾ ಒಂದು ಮಂಗ್ಯಾ ಮುಟ್ಟಬಾರದು ನೋಡ್ರಿ. ಈ ಸಲಾನೂ ಬರಿಗೈಲೆ ಹೋದ್ರ ನಮ್ಮಣ್ಣನ ಮುಂದ ನಿಮ್ಮ ಮರ್ಯಾದಿ ಉಳಿಯಂಗಿಲ್ಲ," ಎಂದಳು.

ಬೆದರುಗೊಂಬೆಯ ಅಂಗಿಯನ್ನು ಒಂದು ಮಂಗ ಬಿಚ್ಚಿಕೊಂಡು ಹೋಗಿ ತಿಂಗಳಾಗಿತ್ತು. ಮಗಳು ಭಾಗ್ಯಾ ಫೋನು ಹಿಡಿದು ಬಂದಳು.

"ಅಪ್ಪಾ, ಇದು ಗ್ರಿಜ್ಲಿ. ಅಮೆರಿಕಾದ ಕರಡಿ. ಎದ್ದು ನಿಂತ್ರ ನಮ್ಮ ಬಾಗಲಕಿಂತ ಎತ್ತರ. ಹೊಳ್ಯಾಗಿನ ಮೀನಾ ಹಾರೂದರಾಗ ಬಾಯಾಗ ಹಿಡೀತೈತಿ."

"ಇದ ಬೇಕು ನೋಡವಾ. ನಮ್ಮ ಗುಡ್ಡದ ಕರಡಿ ಗುರ್ತು ಮಂಗ್ಯಾಗೋಳಿಗೆ ಐತಿ. ಪರಸ್ಥಳದ ಫೌಜದಾರ ಬಂದ್ರನ ಅಂಜಿಕಿ."

ಹೊಲದಲ್ಲಿ ನಿಲ್ಲಿಸಲು ಆ ಕರಡಿಯ ಚಿತ್ರ ಮಾಡಿಸಿ ತರುವೆನೆಂದು ನೀಲಪ್ಪ ಮುಂಡರಗಿಯ ಫ್ಲೆಕ್ಸ್ ಅಂಗಡಿಗೆ ಹೊರಟ. ಕರೆಯದಿದ್ದರೂ ನೆರೆಮನೆಯ ಸುಭಾಸ ಗಾಡಿಯ ಹಿಂದೆ ಕೂತ.

"ಕೆಳಗ ಯಾರ್ಯಾರ ಫೋಟೋ ಹಾಕ್ಲಿ ಕಾಕಾ?" ಅಂಗಡಿಯ ಅಂಬರೀಶ ಕೇಳಿದ.

"ಯಾರದೂ ಬ್ಯಾಡೋ. ಬರೇ ಕರಡಿ."

ಅಂಬರೀಶ ಮೌಸಿನ ಮೇಲಿಂದ ಕೈ ತೆಗೆದ. "ಮಂದಿ ಫೋಟೋ ಇಲ್ಲದ ಫ್ಲೆಕ್ಸ್ ಈ ಅಂಗಡಿ ಬಾಗಲಾ ದಾಟಿಲ್ಲ. ಕರಡಿ ಒಂದ ನಿಂತ್ರ ಅದರ ಹಿಂದ ಯಾರೂ ಇಲ್ಲಂತ ಮಂಗ್ಯಾಗೋಳಿಗೂ ತಿಳೀತೈತಿ."

"ಖರೆ ಐತಿ. ನಂದ ಹಾಕು, ಕರೀ ಚಸ್ಮಾದ್ದು," ಎಂದ ಸುಭಾಸ. "ನಮ್ಮ ಓಣಿ ಸಕ್ರಪ್ಪಂದೂ ಹಾಕು, ಬಿಟ್ರ ಸಿಟ್ಟಾಗತಾನ."

ಒಂದು ಕರೆ ಹೋಗಿದ್ದೇ ತಡ, ಓಣಿಯ ಫೋಟೋಗಳೆಲ್ಲ ಅಂಬರೀಶನ ಫೋನಿಗೆ ಬಂದು ಬಿದ್ದವು. ಒಂದೊಂದು ಮುಖ ಸೇರಿದಂತೆಲ್ಲ ಗ್ರಿಜ್ಲಿ ಕುಗ್ಗುತ್ತ ಹೋಯಿತು. ಕಡೆಗೆ ಅದು ಓಣಿಯ ಹಿರಿಯರ ನಡುವೆ, ಪಂಚಾಯ್ತಿಗೆ ಸಿಕ್ಕ ಕಳ್ಳನ ಹಾಗೆ, ಎರಡೂ ಕೈಯೆತ್ತಿ ನಿಂತಿತ್ತು.

ಮಧ್ಯಾಹ್ನ ಹೊಲದಲ್ಲಿ ಫ್ಲೆಕ್ಸ್ ಎದ್ದಿತು. ತಮ್ಮ ತಮ್ಮ ಮುಖ ನೋಡಿಕೊಳ್ಳಲು ಇಡೀ ಓಣಿಯೇ ಬಂತು. ಮುದುಕಿ ಹನಮಂತವ್ವ ಕಣ್ಣ ಮೇಲೆ ಕೈ ಮರೆಮಾಡಿ ನೋಡಿದಳು.

"ನಡಕ ನಿಂತಿರೋ ಗಡ್ಡದಾಂವ ಯಾವ ಪಾರ್ಟಿಯಾಂವಪಾ?"

"ಅದು ಕರಡಿ ಬೇ!" ಎಂದ ನೀಲಪ್ಪ.

"ಇರವಲ್ದ್ಯಾಕ. ಮಾರಿ ಮ್ಯಾಲ ಕಳೆ ಐತಿ. ಆರಿಸಿ ಬರತಾನ."

ಸಕ್ರಪ್ಪನ ತಕರಾರೇ ಬೇರೆ. "ಸುಭಾಸನ ಮಾರಿ ಕರಡಿ ಹೆಗಲಿಗೆ, ನಂದು ಕಾಲಬುಡಕ! ನಾ ಏನ್ ಇದರ ಕಾಲ ಒತ್ತಾಂವೇನಲೇ?"

"ಅದರ ಬಲಾ ಎಲ್ಲಾ ಕಾಲಾಗ ಇರತೈತಂತ ಮಾರಾಯಾ, ಸುಮ್ನಿರು," ಎಂದ ಸುಭಾಸ.

ವ್ಯಾಜ್ಯ ಬೆಳೆಯಿತು. ಗುಡ್ಡದ ಬಂಡೆಯ ಮೇಲೆ ಮಂಗಗಳ ಹಿಂಡು ಬಂದು ಕೂತಿತು, ಈ ಗದ್ದಲ ನೋಡಿತು, ಮುಖ ತಿರುಗಿಸಿ ಹೋಯಿತು.

"ನೋಡ್ರಲೇ, ಕರಡಿ ಕೆಲಸಾ ಮಾಡಾಕತ್ತೈತಿ!" ನೀಲಪ್ಪನ ಎದೆ ಹಿಗ್ಗಿತು. ಹೊಲಕ್ಕೆ ಬಂದವರನ್ನು ಒಣಬಾಯಿಯಲ್ಲಿ ಕಳಿಸುವ ರೂಢಿ ಅವನ ಮನೆತನದಲ್ಲಿರಲಿಲ್ಲ. "ಜಗಳಾ ಆಮ್ಯಾಲ. ಒಂದೊಂದು ತೆನಿ ಸುಟ್ಕೊಂಡು ತಿನ್ರಿ."

ಬದುವಿನ ಮೇಲೆ ಬೆಂಕಿ ಹೊತ್ತಿತು, ಉಪ್ಪು ಖಾರ ಬಂತು. ಒಂದೊಂದು ಎಂಬ ಮಾತು ಹೊಗೆಯ ಜೊತೆ ಹೋಯಿತು. ಸುಭಾಸ ಸಕ್ರಪ್ಪನಿಗೆ ತಾನೇ ಸುಟ್ಟುಕೊಟ್ಟ, ರಾಜಿಯಾಯಿತು.

"ಚಳಿಗಾಲದಾಗ ಗ್ರಿಜ್ಲಿ ಉಣ್ಣಂಗಿಲ್ಲಂತ, ಬರೇ ಮಲಗೂದಂತ," ಎಂದ ಸಕ್ರಪ್ಪ.

"ಅದಕ್ಕ ಅದು ಮೊದಲ ಹೊಟ್ಟಿ ಬಿರಿಯೂವಂಗ ತಿಂತೈತಿ," ಎನ್ನುತ್ತ ಸುಭಾಸ ಇನ್ನೊಂದು ತೆನೆ ಮುರಿಯಲು ಎದ್ದ.

ನೀಲಪ್ಪನೂ ತಿಂದ. ಇಷ್ಟು ರುಚಿಯ ತೆನೆ ಅವನ ಹೊಲದಲ್ಲಿ ಬೆಳೆಯುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಮಂಗಗಳಿಗಷ್ಟೇ ಗೊತ್ತಿತ್ತು.

ಸಂಜೆ ಅಮೃತವ್ವ ಚೀಲ ಹಿಡಿದು ಬಂದಳು.

"ಒಂದು ಮಂಗ್ಯಾನೂ ಮುಟ್ಟಿಲ್ಲ ನೋಡು!" ನೀಲಪ್ಪ ಮೀಸೆ ಒರೆಸಿಕೊಂಡ.

ಅವಳು ಸಾಲಿನೊಳಗೆ ಹೋದಳು. ಈ ತುದಿಯಿಂದ ಆ ತುದಿಗೆ ನಡೆದು, ಮರಳಿ ಬಂದು, ಬದುವಿನ ಮೇಲಿದ್ದ ಕಾಳಿಲ್ಲದ ದಿಂಡುಗಳ ರಾಶಿಯನ್ನು ನೋಡಿದಳು. ಆಮೇಲೆ ಅಲ್ಲಿ ಕೂತವರ ಮುಖಗಳನ್ನೂ ಫ್ಲೆಕ್ಸಿನ ಮುಖಗಳನ್ನೂ ಒಂದೊಂದಾಗಿ ತಾಳೆ ಹಾಕಿದಳು. ಎಲ್ಲರೂ ಹಾಜರಿದ್ದರು. ತಿನ್ನದೆ ನಿಂತಿದ್ದುದು ಕರಡಿ ಮಾತ್ರ.

ಬಾಳೆಹೊಸೂರಿಗೆ ಆ ವರ್ಷವೂ ತೆನೆ ಹೋಗಲಿಲ್ಲ.